ಪೋಡಿಗೆ ನೀರಿನ ಪೈಪು: ಗ್ರಾಮಸಭೆಯಲ್ಲಿ ಕೈ ಎತ್ತುವ ಮುಂಚೆ ಏನು ಕೇಳಬೇಕು?

ಪೋಡಿನ ಮಗಳು
ಎಲ್ಲರಿಗೂ ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮನೆಯವಳು. ಪೋಡು ಅಂದರೆ ಕಾಡಿನೊಳಗಿನ ನಮ್ಮ ಊರು. ಅದರ ಹೆಸರು ಬರೆಯಬೇಡ ಎಂದು ಹಿರಿಯರು ಹೇಳಿದ್ದಾರೆ, ಹಾಗಾಗಿ ಬರೆಯುವುದಿಲ್ಲ. 48 ಮನೆ, 210 ಜನ ಇದ್ದೇವೆ. ನೀರು ತರುವುದು ಒಂದೂವರೆ ಕಿಲೋಮೀಟರ್ ಕೆಳಗಿನ ಹಳ್ಳದಿಂದ. ಬೆಳಿಗ್ಗೆ ಮಂಜು ಕರಗುವ ಮುಂಚೆ ಹೋಗುವಂತಿಲ್ಲ, ಆನೆ ಇರುತ್ತದೆ. ಸಂಜೆ ಐದು ಗಂಟೆ ದಾಟಿದರೂ ಹೋಗುವಂತಿಲ್ಲ. ನಡುವೆ ಉಳಿದ ಹೊತ್ತಿನಲ್ಲಿ ಕೂಲಿಗೂ ಹೋಗಬೇಕು, ನೀರನ್ನೂ ಹೊರಬೇಕು. ಬಿಂದಿಗೆ ಹೊತ್ತು ಹೊತ್ತು ನಮ್ಮ ಅವ್ವನ ನಡು ಈಗ ನೆಟ್ಟಗೆ ನಿಲ್ಲುವುದಿಲ್ಲ.

ಮನೆಮನೆಗೆ ನಲ್ಲಿ ಹಾಕುವ ಯೋಜನೆಯಲ್ಲಿ ಈ ಸಲ ನಮ್ಮ ಪೋಡೂ ಸೇರಿದೆ. ಮೇಲಿನ ಅಬ್ಬಿಯಿಂದ, ಅಂದರೆ ಬೆಟ್ಟದ ಒರತೆಯಿಂದ, 2.4 ಕಿ.ಮೀ. ಪೈಪು ಎಳೆದು ಪೋಡಿನ ತಲೆಯಲ್ಲಿ ಒಂದು ಟ್ಯಾಂಕು ಕಟ್ಟುತ್ತಾರೆ, ಅಲ್ಲಿಂದ ಮನೆಗಳಿಗೆ ನೀರು. ಇಳಿಜಾರು ಇರುವುದರಿಂದ ಮೋಟಾರು ಬೇಡ. ಮುಂದಿನ ತಿಂಗಳ ಗ್ರಾಮಸಭೆಯಲ್ಲಿ ನಾವು ಶಿಫಾರಸು ಮಾಡಬೇಕಂತೆ. ಪರಿಸರ ಪರಿಶೀಲನೆ ಮುಗಿದಿದೆ ಎಂದು ಒಂದು ಪುಟದ ಕಾಗದ ಕೊಟ್ಟಿದ್ದಾರೆ. ಅದರಲ್ಲಿ ಇಷ್ಟಿದೆ: ಬೇಕಾದ ಜಾಗ 0.144 ಹೆಕ್ಟೇರ್. ಕಡಿಯಬೇಕಾದ ಮರ 6. ಸಿಗುವ ನೀರು ದಿನಕ್ಕೆ 64,800 ಲೀಟರ್. ಪೋಡಿಗೆ ಬೇಕಾದ ನೀರು 11,550 ಲೀಟರ್. ಪರಿಣಾಮ: ಇಲ್ಲ.

ನನಗಂತೂ ಹೂಂ ಅನ್ನುವ ಆಸೆ. ಅಜ್ಜನಿಗೆ ಕಾಗದ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಯುಗಾದಿ ಹೊತ್ಗೆ ಅಬ್ಬೀಲಿ ಎಷ್ಟು ನೀರಿರ್ತದೆ ಅಂತ ಬರ್ದವ್ರಾ?" ಅಂದ. ಬರೆದಿರಲಿಲ್ಲ. ಆಮೇಲೆ ಎರಡು ದಿನ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಗೊತ್ತಿರುವವರು ಹೇಳಿ, ಸಭೆಯಲ್ಲಿ ನಾವು ಏನು ಕೇಳಬೇಕು?

ನಿವೃತ್ತ ಎಇಇ, ಮೈಸೂರು
ಮಗಳೇ, ನಿನ್ನ ಅಜ್ಜ ಕೇಳಿದ್ದೇ ಸರಿಯಾದ ಪ್ರಶ್ನೆ. 34 ವರ್ಷ ಹಳ್ಳಿ ನೀರಿನ ಕೆಲಸ ಮಾಡಿದ ಇಂಜಿನಿಯರ್ ನಾನು. ಬೆಟ್ಟದ ಒರತೆ ನಂಬಿದ ಯೋಜನೆಗಳು ಕೆಟ್ಟದ್ದನ್ನು ನೋಡಿದಾಗಲೆಲ್ಲ ಕಾರಣ ಒಂದೇ ಇರುತ್ತಿತ್ತು: ನೀರು ಅಳೆದ ತಿಂಗಳು.

64,800 ಲೀಟರ್ ಅಂದರೆ ಸೆಕೆಂಡಿಗೆ ಮುಕ್ಕಾಲು ಲೀಟರ್. 15 ಲೀಟರ್ ಬಕೆಟ್ಟು 20 ಸೆಕೆಂಡಿನಲ್ಲಿ ತುಂಬಿದೆ ಎಂದಾಯಿತು. ಸರ್ವೆಗೆ ಬಂದವರು ಯಾವ ತಿಂಗಳು ಬಂದಿದ್ದರು? ಅದನ್ನು ಮೊದಲು ತಿಳಿದುಕೋ. ಆಮೇಲೆ ನೀನೇ ಅಳೆ. ನೀರೆಲ್ಲ ಒಂದೇ ಕಡೆ ಬೀಳುವ ಹಾಗೆ ಕಲ್ಲು, ಜೇಡಿಮಣ್ಣು ಕೊಟ್ಟು ಸಣ್ಣ ಒಡ್ಡು ಹಾಕಿ, ನಡುವೆ ಒಂದು ಪೈಪಿನ ತುಂಡು ಇಡಿ. ಅದರ ಕೆಳಗೆ ಅಳತೆ ಗೊತ್ತಿರುವ ಬಕೆಟ್ಟು ಹಿಡಿದು ಮೊಬೈಲಿನಲ್ಲಿ ಸಮಯ ನೋಡು. ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ. ಅಳತೆ ಮುಗಿದ ಮೇಲೆ ಒಡ್ಡು ತೆಗೆದುಬಿಡಿ. ಈಗ ಮಾರ್ಚ್ ಕೊನೆ, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

11,550 ಲೆಕ್ಕ ಸರಿಯಾಗಿದೆ. ತಲೆಗೆ 55 ಲೀಟರ್ ಎಂಬುದು 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದಾಗಿನಿಂದ ಇರುವ ಮಾನದಂಡ. 210 ಜನಕ್ಕೆ ಅಷ್ಟೇ ಬರುತ್ತದೆ.

ಹನೂರು ಕಡೆಯವ
ಒಂದು ಮಾತು ಹೇಳ್ತೀನಿ, ಯಾರೂ ಬೇಸರ ಮಾಡ್ಕೋಬೇಡಿ. ನಲ್ಲಿ ಬರ್ತದೆ ಅಂದ್ರೆ ಬರಲಿ ಬಿಡಿ. ಪರಿಶೀಲನೆ, ಪರಿಶೀಲನೆ ಅಂತ ಕೂತ್ರೆ ಇನ್ನೂ ಹತ್ತು ವರ್ಷ ಆಯ್ತದೆ. ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಿ. 2013ರಲ್ಲಿ ವನ್ಯಧಾಮ ಆಯ್ತು. ರಸ್ತೆ ಕೇಳಿದ್ರೆ ಕಾಡು, ಕರೆಂಟು ಕೇಳಿದ್ರೆ ಕಾಡು, ನೀರು ಕೇಳಿದ್ರೂ ಕಾಡು. 2024ರ ಏಪ್ರಿಲ್‌ನಲ್ಲಿ ಇಂಡಿಗನತ್ತದಲ್ಲಿ ಏನಾಯ್ತು ಅಂತ ಇಡೀ ರಾಜ್ಯ ಟೀವಿಲಿ ನೋಡ್ತು. ಸೌಕರ್ಯ ಇಲ್ಲ ಅಂತ ಓಟು ಬಹಿಷ್ಕಾರ ಹಾಕಿದ್ರು, ಮತಗಟ್ಟೆ ಪುಡಿ ಆಯ್ತು, ಮರುಮತದಾನ ಮಾಡ್ಬೇಕಾಯ್ತು. ಒಡೆದದ್ದು ತಪ್ಪು, ನಾನೂ ಒಪ್ತೀನಿ. ಆದ್ರೆ ಆ ಸಿಟ್ಟು ಎಲ್ಲಿಂದ ಬಂತು ಅಂತಾನೂ ನೋಡ್ಬೇಕಲ್ವಾ?

ತಂಗಿ, ನಿಮ್ಮವ್ವನ ನಡು ನೋಡಿ ನಿರ್ಧಾರ ಮಾಡು. ಬಕೆಟ್ಟು ಹಿಡ್ಕೊಂಡು ಲೆಕ್ಕ ಹಾಕೋ ಹೊತ್ಗೆ ಹಣ ವಾಪಸ್ ಹೋಗಿರ್ತದೆ.

ಯಳಂದೂರಿನ ವಕೀಲೆ
ಹನೂರಿನ ಅಣ್ಣನ ಸಂಕಟ ನಿಜವಾದದ್ದೇ. ಆದರೆ ಪೋಡಿನ ಪೈಪಿಗೆ ಕಾನೂನು ಹತ್ತು ವರ್ಷ ಕೇಳುವುದಿಲ್ಲ. ಕೇಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ರಸ್ತೆ ಎಂದು 13 ಸೌಕರ್ಯಗಳ ಪಟ್ಟಿ ಇದೆ. ಅದರಲ್ಲಿ ಕುಡಿಯುವ ನೀರು ಮತ್ತು ನೀರಿನ ಕೊಳವೆ ಮಾರ್ಗವೂ ಒಂದು. ಒಂದೊಂದಕ್ಕೂ ಬೇಕಾದ ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಇವಿಷ್ಟಿದ್ದರೆ ದೆಹಲಿಗೆ ಕಡತ ಹೋಗಬೇಕಾಗಿಲ್ಲ. ಕೆಲಸ ಮಾಡುವ ಇಲಾಖೆ ನಮೂನೆ 'ಎ' ತುಂಬಿ ಗ್ರಾಮಸಭೆಯ ಮುಂದಿಡಬೇಕು. ಶಿಫಾರಸಾದ ಮೇಲೆ ವಲಯ ಅರಣ್ಯಾಧಿಕಾರಿ ಮೂರು ವಾರದೊಳಗೆ ಸ್ಥಳ ನೋಡಿ ವರದಿ ಕೊಡಬೇಕು, ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ನಾಲ್ಕು ವಾರದೊಳಗೆ ತೀರ್ಮಾನ ಮಾಡಬೇಕು. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. 2009ರಲ್ಲೇ ಕೇಂದ್ರದ ಬುಡಕಟ್ಟು ಸಚಿವಾಲಯ ಈ ಕ್ರಮ ಹಾಕಿಕೊಟ್ಟಿದೆ. ತಡವಾದರೆ ಅದು ಕಾನೂನಿನ ತಡವಲ್ಲ, ಯಾರದೋ ಮೇಜಿನ ತಡ.

ನಿಮ್ಮ 0.144 ಹೆಕ್ಟೇರಿಗೆ 75ರ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಹತ್ತು ಮರದವರೆಗೆ ಅವಕಾಶ. 6 ಎಂದು ಬರೆದಿದ್ದಾರೆ, ಮಿತಿಯೊಳಗೇ ಇದೆ. ಕಾಗದದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ ಅನ್ನುವುದೇ ಇಲ್ಲಿನ ತೊಡಕು. 3(2) ಜಾಗವನ್ನೂ ಮರವನ್ನೂ ಎಣಿಸುತ್ತದೆ. ನೀರನ್ನು ಎಣಿಸುವುದೇ ಇಲ್ಲ.

ಇನ್ನೊಂದು ವಿಷಯ. ಈ 3(2) ಮೀರಿ ನಿಲ್ಲುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ಮಾತ್ರ. 1972ರ ವನ್ಯಜೀವಿ ಕಾಯ್ದೆಯನ್ನಲ್ಲ. ಅದರ 29ನೇ ಕಲಮಿನ ಪ್ರಕಾರ ಅಭಯಾರಣ್ಯದ ಒಳಗೆ ಅಥವಾ ಹೊರಗೆ ನೀರಿನ ಹರಿವನ್ನು ತಿರುಗಿಸುವುದು, ತಡೆಯುವುದು, ಹೆಚ್ಚಿಸುವುದು ಯಾವುದಕ್ಕೂ ಮುಖ್ಯ ವನ್ಯಜೀವಿ ಪಾಲಕರ ಪರವಾನಗಿ ಬೇಕು. ಅದಕ್ಕೂ ಷರತ್ತುಗಳಿವೆ. ನಾಳೆ ಯಾರಾದರೂ ಈ ಕಲಮು ಹಿಡಿದು ಕೋರ್ಟಿಗೆ ಹೋದರೆ, ಅಗೆದ ಕಾಲುವೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಅಬ್ಬಿಯ ನೀರನ್ನು ಪೂರ್ತಿ ತಿರುಗಿಸುತ್ತಿಲ್ಲ, ಹಳ್ಳಕ್ಕೆ ಇಷ್ಟು ಬಿಟ್ಟೇ ಬಿಡುತ್ತೇವೆ ಎಂದು ನಿರ್ಣಯದಲ್ಲೇ ಬರೆಯುವುದು ನಿಮಗೇ ರಕ್ಷಣೆ.

ಹೊಸಬ
ವಕೀಲೆ ಮೇಡಂ, ಗ್ರಾಮಸಭೆ ಅಂದರೆ ಪಂಚಾಯಿತಿಯ ಗ್ರಾಮಸಭೆ ತಾನೇ? ಪಿಡಿಒ ಕರೆಯುವುದು?

ಯಳಂದೂರಿನ ವಕೀಲೆ
ಅಲ್ಲ. ಈ ವಿಷಯಕ್ಕೆ ಪೋಡಿನದೇ ಗ್ರಾಮಸಭೆ. ಬಯಲಿನ ಹತ್ತು ಹಳ್ಳಿ ಸೇರಿದ ಪಂಚಾಯಿತಿ ಸಭೆಯಲ್ಲಿ ಪೋಡಿನವರು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ, ಮಾತಾಡುವುದು ಬೇರೆಯವರು. ಪೋಡಿನ ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಮಾಡಿದ ತಿದ್ದುಪಡಿ ಇದು. ಹಾಜರಿ ಪುಸ್ತಕದ ಫೋಟೊ ತೆಗೆದಿಟ್ಟುಕೊಳ್ಳಿ.

ಸೋಲಿಗರಿಗೆ ಇದು ಹೊಸದೇನಲ್ಲ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು (ಬಿ.ಆರ್.ಟಿ.) ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅದರೊಳಗಿನ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕುಪತ್ರ ಪಡೆದವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ನೀವು.

ಕಾಡು ಕಾಯುವವನು
ನಾನು ವಾಚರ್ ಕೆಲಸ ಮಾಡ್ತೀನಿ. ನಾನೂ ಪೋಡಿನವನೇ, ಬೇರೆ ಪೋಡು. ಯಾವ ಬೀಟು ಅಂತ ಹೇಳಲ್ಲ. ಮೇಲಿನ ಅಬ್ಬಿಗಳ ವಿಷ್ಯ ನಂಗೆ ಗೊತ್ತು, ರಾತ್ರಿ ಕಾದಿದ್ದೀನಿ.

ಬೇಸಿಗೇಲಿ ಆ ಎತ್ತರದಲ್ಲಿ ಎಲ್ಲಾ ಹಳ್ಳಾನೂ ಹರಿಯಲ್ಲ. ಮೂರರಲ್ಲಿ ಎರಡು ಒಣಗ್ತವೆ. ಉಳಿದ ಒಂದಕ್ಕೇ ಕಾಟಿ, ಕಡವೆ, ಕರಡಿ, ಆನೆ ಎಲ್ಲಾ ಬರ್ತವೆ. ದೊಡ್ಡ ಆನೆ ದಿನಕ್ಕೆ 150 ಲೀಟರ್ ಮೇಲೇ ಕುಡೀತದೆ. ಅಲ್ಲಿ ನೀರು ಸಿಗಲಿಲ್ಲ ಅಂದ್ರೆ ಅದು ಸುಮ್ನೆ ನಿಲ್ಲಲ್ಲ, ವಾಸನೆ ಹಿಡ್ಕೊಂಡು ಪೈಪಿನ ಜೊತೇಲೇ ಇಳೀತದೆ. ಪೈಪು ಎಲ್ಲಿ ಮುಗೀತದೆ? ಪೋಡಲ್ಲಿ. ಟ್ಯಾಂಕಿನ ಹತ್ರ. ಹೆಂಗಸ್ರು ಮಕ್ಳು ಕೊಡ ಹಿಡ್ಕೊಂಡು ನಿಂತಿರೋ ಜಾಗದಲ್ಲಿ. ಪ್ರಾಣಿಗೆ ನೀರು ಬಿಡಿ ಅಂತ ನಾನು ಹೇಳೋದು ಬರೀ ಪ್ರಾಣಿ ಮೇಲಿನ ಪ್ರೀತಿಗಲ್ಲ.

ಲಾಂಟಾನದ ಮಾತೂ ಸೇರಿಸಿ. ಮುಂಚೆ ನಮ್ಮ ಹಿರೀಕರು ತರಗು ಬೆಂಕಿ ಹಾಕ್ತಿದ್ರು, ಬೇಗ ಹತ್ತಿ ಬೇಗ ಆರೋ ಬೆಂಕಿ. ಅದು ನಿಂತ ಮೇಲೆ ಅಬ್ಬಿ ದಾರಿಯೆಲ್ಲ ಲಾಂಟಾನ ಕಳೆಯ ಪೊದೆ ಮುಚ್ಚಿದೆ. ಅದರೊಳಗೆ ಏನು ನಿಂತಿದೆ ಅಂತ ಕಾಣಲ್ಲ. ಪೈಪು ಹಾಕೋ ದಾರೀಲಿ ಮರ ಕಡಿಯೋ ಬದಲು ಲಾಂಟಾನ ಕಡಿದು, ಈಗಾಗ್ಲೇ ಇರೋ ಕಾಲುದಾರೀಲೇ ಹಾಕ್ಲಿ.

ಕೋಲಾರದ ವಿದ್ಯಾರ್ಥಿನಿ
ಪರಿಸರ ಅಧ್ಯಯನ ಓದುತ್ತಿದ್ದೇನೆ. ಈ ಚರ್ಚೆ ಓದುವಾಗ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. 210 ಜನರ ಪೋಡು ಮರ ಎಣಿಸಬೇಕು, ಹಾಜರಿ ಎಣಿಸಬೇಕು, 29ನೇ ಕಲಮಿಗೆ ಹೆದರಬೇಕು. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕುಡಿಯುವ ನೀರಿನ ಯೋಜನೆ ಎಂಬುದೇ ಇಲ್ಲ. ಎಷ್ಟೇ ದೊಡ್ಡದಿರಲಿ, 'ಕುಡಿಯುವ ನೀರು' ಎಂಬ ಹೆಸರಿದ್ದರೆ ಅದು ಆಚೆ ಉಳಿಯುತ್ತದೆ. ನಮ್ಮ ಕೋಲಾರದ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಪಶ್ಚಿಮ ಘಟ್ಟದಿಂದ ಎತ್ತುತ್ತೇವೆ ಎಂದದ್ದು 24.01 ಟಿಎಂಸಿ. ಅದರಲ್ಲಿ ಕುಡಿಯಲು 14.056, ಉಳಿದ ಸುಮಾರು 10 ಟಿಎಂಸಿ 527 ಕೆರೆ ತುಂಬಿಸಲು. ಖರ್ಚಿನ ಅಂದಾಜು 23,251 ಕೋಟಿ ರೂಪಾಯಿಗೆ ಏರಿದೆ. ಆದರೂ ಅದು 'ಕುಡಿಯುವ ನೀರಿನ ಯೋಜನೆ'. ಕಳಸಾ-ಬಂಡೂರಿಗೂ ಇದೇ ಕಾರಣ ಕೊಟ್ಟು ಪರಿಸರ ಅನುಮತಿ ಬೇಡ ಎಂದು 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವಾಲಯ ಪತ್ರ ಕೊಟ್ಟಿತು. ಗೋವಾ ಗಲಾಟೆ ಮಾಡಿದ ಮೇಲೆ ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಿತು.

ನಾನು ಕೋಲಾರದವಳು. ನಮ್ಮೂರ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ನಮ್ಮ ದೊಡ್ಡಪ್ಪನ ಹಲ್ಲು ನೋಡಿದರೆ ಗೊತ್ತಾಗುತ್ತದೆ. ನಮಗೂ ನೀರು ಬೇಕು, ಬೇಡ ಎನ್ನುವ ಧೈರ್ಯ ನನಗಿಲ್ಲ. ಆದರೆ ನೀರು ಕೊಡುವ ಕಾಡು ಬೇಸಿಗೆಯಲ್ಲಿ ಏನು ಮಾಡುತ್ತದೆ ಎಂದು ಪೋಡಿನ ಅಜ್ಜ ಕೇಳಿದ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಪರವಾಗಿ ನಾವು ಯಾರೂ ಕೇಳಲಿಲ್ಲ.

ಹನೂರು ಕಡೆಯವ
ಇದು ನಂಗೆ ಗೊತ್ತಿರ್ಲಿಲ್ಲ ತಂಗಿ. ದೊಡ್ಡದಕ್ಕೆ ಇಲ್ಲದ ಪರಿಶೀಲನೆ ಪೋಡಿಗೆ ಯಾಕೆ ಅಂತ ನಂಗೆ ಇನ್ನೂ ಸಿಟ್ಟೇ ಬರ್ತಿದೆ.

ಕೋಲಾರದ ವಿದ್ಯಾರ್ಥಿನಿ
ಸಿಟ್ಟು ನನಗೂ ಇದೆ ಅಣ್ಣ. ಆದರೆ ಪೋಡಿಗೂ ಬೇಡ ಎಂದರೆ ಲೆಕ್ಕ ಸರಿಹೋಗುವುದಿಲ್ಲ. ದೊಡ್ಡದಕ್ಕೂ ಬರಬೇಕು ಎಂದು ನನ್ನ ಆಸೆ.

ಆಲ್ಬುಕರ್ಕಿಯಿಂದ
ನಾನು ಹಾಸನದ ಕಡೆಯವನು, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಿವಿಲ್ ಇಂಜಿನಿಯರ್. ನಮ್ಮ ಪಕ್ಕದಲ್ಲೇ ನವಾಹೊ ಬುಡಕಟ್ಟಿನ ನಾಡಿದೆ. ಅಲ್ಲಿ ಇವತ್ತಿಗೂ ಸುಮಾರು ಮೂರರಲ್ಲಿ ಒಂದು ಮನೆಗೆ ನಲ್ಲಿ ನೀರಿಲ್ಲ. ಪಿಕಪ್ ಗಾಡಿಯ ಹಿಂದೆ ಟ್ಯಾಂಕು ಕಟ್ಟಿಕೊಂಡು ಮೈಲುಗಟ್ಟಲೆ ಹೋಗಿ ತರುತ್ತಾರೆ. ಹತ್ತಿರದ ಬಾವಿ ಇದ್ದರೂ ಹಲವು ಕಡೆ ಕುಡಿಯುವಂತಿಲ್ಲ, ಕೈಬಿಟ್ಟ ಯುರೇನಿಯಂ ಗಣಿಗಳೇ 500ಕ್ಕೂ ಹೆಚ್ಚಿವೆ.

ಅವರಿಗಾಗಿ ನವಾಹೊ-ಗ್ಯಾಲಪ್ ಎಂಬ ನೀರಿನ ಯೋಜನೆ ನಡೆಯುತ್ತಿದೆ. ಸುಮಾರು 300 ಮೈಲು ಕೊಳವೆ, ಸ್ಯಾನ್ ವಾನ್ ನದಿಯಿಂದ ವರ್ಷಕ್ಕೆ 37,376 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 1.6 ಟಿಎಂಸಿ. 2009ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಒಪ್ಪಿತು, ಅದೇ ವರ್ಷ ಪರಿಸರ ಪರಿಣಾಮದ ಅಂತಿಮ ವರದಿಯೂ ಬಂತು. ಎತ್ತಿನಹೊಳೆಗಿಂತ ಎಷ್ಟೋ ಸಣ್ಣ ನೀರು, ಆದರೂ ವರದಿ ದಪ್ಪ ಪುಸ್ತಕ. ನದಿಯಲ್ಲಿ ಅಳಿವಿನಂಚಿನ ಎರಡು ಜಾತಿಯ ಮೀನಿವೆ, ಅವುಗಳಿಗೆ ಯಾವ ತಿಂಗಳು ಎಷ್ಟು ನೀರು ಉಳಿಯಬೇಕು ಎಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಪೈಪಿನ ಪಾಲು ಗೊತ್ತಾದದ್ದು.

ಅಲ್ಲಿನ 1970ರ ಪರಿಸರ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ವರದಿಯಲ್ಲಿ ಬೇರೆ ಬೇರೆ ದಾರಿಗಳನ್ನು ಹೋಲಿಸಿ ಬರೆಯಬೇಕು, ಜೊತೆಗೆ 'ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ' ಎಂಬುದನ್ನೂ ಬರೆಯಲೇಬೇಕು. ಪೋಡಿನ ಕಾಗದದಲ್ಲಿ ಈ ಸಾಲು ಇದ್ದಿದ್ದರೆ ಅಲ್ಲಿ ಅವ್ವನ ನಡುವಿನ ನೋವು ಬರುತ್ತಿತ್ತು, ಆನೆ ಎದುರಾಗುವ ಅಪಾಯ ಬರುತ್ತಿತ್ತು. ಹನೂರಿನ ಅಣ್ಣ ಹೇಳುತ್ತಿರುವುದಕ್ಕೂ ಕಾಗದದಲ್ಲಿ ಜಾಗ ಸಿಗುತ್ತಿತ್ತು.

ಅಲ್ಲಿ ಎಲ್ಲ ಸರಿಯಿದೆ ಎಂದು ಹೇಳುತ್ತಿಲ್ಲ. ಕಟ್ಟರ್ ಎಂಬ ಸಣ್ಣ ಶಾಖೆಯಲ್ಲಿ ನೀರು ಹರಿಯುತ್ತಿದೆ, ದೊಡ್ಡ ಶಾಖೆ ಇನ್ನೂ ಮುಗಿದಿಲ್ಲ. 1868ರ ಒಪ್ಪಂದದ ಪ್ರಕಾರ ನವಾಹೊ ಜನಕ್ಕೆ ನೀರು ಒದಗಿಸಿಕೊಡುವ ಹೊಣೆ ಸರ್ಕಾರದ್ದಲ್ಲ ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರಲ್ಲಿ ತೀರ್ಪು ಕೊಟ್ಟಿತು. ವರದಿ ದಪ್ಪವಿದ್ದ ಮಾತ್ರಕ್ಕೆ ನಲ್ಲಿಗೆ ನೀರು ಬರುವುದಿಲ್ಲ.

ಹಾಡಿ ಮೇಷ್ಟ್ರು, ಎಚ್.ಡಿ. ಕೋಟೆ
ತಡವಾಗಿ ಓದಿದೆ. ಇಲ್ಲಿ ಯಾರೂ ಇನ್ನೂ ಹೇಳಿಲ್ಲ, ಆದರೆ ಈ ವಿಷಯ ಬಂದಾಗಲೆಲ್ಲ ಒಬ್ಬರಾದರೂ ಹೇಳುವ ಮಾತಿದೆ: 'ಕಾಡಿಂದ ಆಚೆ ಬನ್ನಿ, ನೀರು ತಾನಾಗಿ ಸಿಗುತ್ತದೆ.' ನಮ್ಮ ತಾಲೂಕಿನಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಜೇನುಕುರುಬರ, ಕಾಡುಕುರುಬರ ಹಾಡಿಗಳು ಆ ನೀರಿನಡಿ ಹೋದವು. ಅಷ್ಟು ದೊಡ್ಡ ನೀರಿನ ಪಕ್ಕದಲ್ಲೇ ಬೆಳೆದ ನನ್ನ ಶಾಲೆಯ ಮಕ್ಕಳು ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾದಿದ್ದಾರೆ. ಹಾಗಾಗಿ ನೀರಿಗಾಗಿ ಕಾಡು ಬಿಡುವ ಮಾತು ಯಾರಾದರೂ ಎತ್ತಿದರೆ, ಸಭೆಯಲ್ಲಿ ಅದನ್ನು ಬೇರೆ ಮಾಡಿ ಇಡಿ. ಇದು ಪೈಪಿನ ಸಭೆ.

ನಾನು ಹೇಳಬೇಕಿದ್ದುದು ಬೇರೆ. ನಲ್ಲಿ ಹಾಕಿದ ಮೇಲೆ ನೋಡಿಕೊಳ್ಳುವವರು ಯಾರು? ಒಂದು ಹಾಡಿಯಲ್ಲಿ ನಲ್ಲಿ ಕಂಬ ನಿಂತು ಆರು ವರ್ಷವಾಯಿತು. ಮೊದಲ ವರ್ಷ ನೀರು ಬಂತು. ಆನೆ ಒಂದು ಕಡೆ ತುಳಿದು ಪೈಪು ಒಡೆಯಿತು, ಒಂದು ವಾಲ್ವ್ ಕಳಚಿತು, ಅಷ್ಟೇ. ರಿಪೇರಿಗೆ ಬರುವವನು 30 ಕಿಲೋಮೀಟರ್ ದೂರದಲ್ಲಿದ್ದ. ಹಿಂದೆ ಕೆರೆ ನೀರು ಬಿಡಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ, ಅವನಿಗೆ ಕಾಳು ಕೊಡುತ್ತಿದ್ದರು. ಪೋಡಿನಿಂದಲೇ ಒಬ್ಬ ಹುಡುಗನೋ ಹುಡುಗಿಯೋ ನೀರಗಂಟಿ ಕೆಲಸಕ್ಕೆ ಸೇರಬೇಕು, ಕೆಲಸ ನಡೆಯುವಾಗಲೇ ಅವರಿಗೆ ಪೈಪು ಜೋಡಿಸುವುದು ಕಲಿಸಬೇಕು, ಸಂಬಳ ಎಲ್ಲಿಂದ ಎಂದು ಬರೆದಿರಬೇಕು. ಇದನ್ನು ಕೇಳದೆ ಕೈ ಎತ್ತಬೇಡಿ.

ಪೋಡಿನ ಮಗಳು
ಎಲ್ಲರಿಗೂ ಕೈ ಮುಗಿದೆ. ಮೂರು ದಿನ ಅಬ್ಬಿಗೆ ಹೋಗಿ ಬಂದೆವು. ಅಜ್ಜ, ಚಿಕ್ಕಪ್ಪ, ನಾನು, ಇನ್ನಿಬ್ಬರು ಹುಡುಗಿಯರು.

15 ಲೀಟರ್ ಬಕೆಟ್ಟು ತುಂಬಲು ಬೆಳಿಗ್ಗೆ 98 ಸೆಕೆಂಡು, ಸಂಜೆ 102. ಎಲ್ಲ ಸೇರಿಸಿ ಸರಾಸರಿ 100 ಬಂತು. ಸರ್ವೆಯವರು ಬಂದಿದ್ದು ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲಿನ ವಾರ ಜೋರು ಮಳೆ ಬಿದ್ದಿತ್ತು ಎಂದು ಚಿಕ್ಕಪ್ಪನಿಗೆ ನೆನಪಿದೆ.

ಇನ್ನೊಂದು. ಕಡಿಯಬೇಕಾದ 6 ಮರದ ಮೇಲೆ ಕೆಂಪು ಬಣ್ಣ ಹಾಕಿದ್ದರು. ಅದರಲ್ಲಿ ಎರಡು ನೆಲ್ಲಿ ಮರ. ನಾವು ಪ್ರತಿ ವರ್ಷ ಕಾಯಿ ಕೀಳುವ ಮರಗಳು.

ನಿವೃತ್ತ ಎಇಇ, ಮೈಸೂರು
ಹಾಗಾದರೆ ಸೆಕೆಂಡಿಗೆ 0.15 ಲೀಟರ್. ದಿನಕ್ಕೆ 12,960. ಪೋಡಿಗೆ ಬೇಕಾದದ್ದು 11,550. ಕಾಗದದ ಮೇಲೆ ಈಗಲೂ 'ಸಾಕಾಗುತ್ತದೆ' ಎಂದೇ ಬರುತ್ತದೆ ನೋಡು. ಆದರೆ ಹಳ್ಳಕ್ಕೆ ಉಳಿಯುವುದು 1,410 ಲೀಟರ್. ವಾಚರ್ ಹೇಳಿದ ಲೆಕ್ಕ ಹಿಡಿದರೆ ಒಂಬತ್ತು ಆನೆ ಒಂದು ದಿನ ಕುಡಿಯುವಷ್ಟು. ಕಡವೆಗೆ, ಕಾಟಿಗೆ, ಕೆಳಗಿನ ಮರದ ಬೇರಿಗೆ ಏನೂ ಇಲ್ಲ. ಅದೂ ಮಾರ್ಚ್ ಲೆಕ್ಕ. ಏಪ್ರಿಲ್ ಮಳೆ ತಡವಾದ ವರ್ಷ ಇದಕ್ಕಿಂತ ಕೆಳಗೆ ಹೋಗುತ್ತದೆ.

ಯೋಜನೆ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಹೀಗೆ ಮಾಡಬಹುದು. ಅಬ್ಬಿಯ ನೀರು ಬಂದು ಸೇರುವ ತೊಟ್ಟಿಯಲ್ಲಿ ಎರಡು ಕಿಂಡಿ ಇಡಲಿ. ಎರಡೂ ಒಂದೇ ಅಳತೆ, ಒಂದೇ ಮಟ್ಟ. ಒಂದು ಪೋಡಿಗೆ, ಒಂದು ಹಳ್ಳಕ್ಕೆ. ಮಳೆಗಾಲವಾಗಲಿ ಬೇಸಿಗೆಯಾಗಲಿ ಅರ್ಧ ಅರ್ಧ, ಯಾರೂ ವಾಲ್ವ್ ತಿರುಗಿಸಿ ಮೋಸ ಮಾಡುವ ಪ್ರಶ್ನೆಯೇ ಇಲ್ಲ. ನಮ್ಮ ಕಡೆ ಕೆರೆ ತೂಬಿನಿಂದ ಎರಡು ಊರಿಗೆ ನೀರು ಹಂಚುತ್ತಿದ್ದದ್ದೂ ಇದೇ ಉಪಾಯದಲ್ಲಿ. ಈಗಿನ ಹರಿವಿನಲ್ಲಿ ಪೋಡಿಗೆ 6,480 ಲೀಟರ್ ಬರುತ್ತದೆ, ತಲೆಗೆ 30 ಲೀಟರ್. ಕುಡಿಯಲು, ಅಡುಗೆಗೆ ಧಾರಾಳವಾಯಿತು. ಮಿಕ್ಕ 25 ಲೀಟರ್ ಬಟ್ಟೆ, ಪಾತ್ರೆಗೆ. ಅದಕ್ಕೆ ಬೇಸಿಗೆಯ ಮೂರ್ನಾಲ್ಕು ತಿಂಗಳು ಮಾತ್ರ ಎರಡನೇ ಮೂಲ ಬೇಕು, ದಿನಕ್ಕೆ ಸುಮಾರು 5,000 ಲೀಟರ್. ಪೋಡಿನ ಹತ್ತಿರ ಹಳೆಯ ಬಾವಿ ಏನಾದರೂ ಇದೆಯಾ? ಬೋರ್‌ವೆಲ್ ಎಂದರೆ ಕೊರೆಯುವ ಲಾರಿ ಬರಲು ದಾರಿ ಮಾಡಬೇಕು, ಕಾಡಿಗೆ ಅದು ಪೈಪಿಗಿಂತ ದೊಡ್ಡ ಪೆಟ್ಟು. ಮಳೆ ನೀರಿನ ಬಗ್ಗೆಯೂ ಲೆಕ್ಕ ಹಾಕಿದೆ. 50,000 ಲೀಟರ್ ತೊಟ್ಟಿ ಕಟ್ಟಿದರೂ 90 ದಿನಕ್ಕೆ ಹಂಚಿದರೆ ದಿನಕ್ಕೆ 555 ಲೀಟರ್. ಶಾಲೆಗೆ ಸಾಕು, ಪೋಡಿಗೆ ಸಾಲದು.

ಪೈಪನ್ನು ಒಂದು ಮೀಟರ್ ಆಳಕ್ಕೆ ಹೂಳಲಿ, ಹಳ್ಳ ದಾಟುವಲ್ಲಿ ಕಬ್ಬಿಣದ ಪೈಪು ಇರಲಿ. ತೊಟ್ಟಿಗಳಿಗೆ ಮುಚ್ಚಳ ಇರಲೇಬೇಕು, ತೆರೆದ ತೊಟ್ಟಿಯಲ್ಲಿ ಮರಿಗಳು ಬಿದ್ದು ಸಾಯುತ್ತವೆ.

ಪೋಡಿನ ಮಗಳು
ಹಳೆ ಬಾವಿ ಇದೆ ಸರ್! ಪೋಡಿನ ಕೆಳತುದಿಯಲ್ಲಿ, ಅವ್ವ ಮದುವೆಯಾಗಿ ಬಂದಾಗ ಅದರ ನೀರೇ ಕುಡಿಯುತ್ತಿದ್ದರಂತೆ. ಆಮೇಲೆ ಹೂಳು ತುಂಬಿ ಬಿಟ್ಟರು. ತಳದಲ್ಲಿ ಈಗಲೂ ತೇವ ಇದೆ.

ಆದರೆ ತೊಟ್ಟಿಯ ವಿಷಯದಲ್ಲಿ ಮನೆಯಲ್ಲೇ ಒಪ್ಪಿಗೆ ಆಗುತ್ತಿಲ್ಲ. ನಮಗೆ ಕುಲಕ್ಕೊಂದು ಯೆಲ್ಲೆ ಇದೆ, ಅಂದರೆ ಆ ಕುಲದ ಕಾಡಿನ ಮೇರೆ. ಪ್ರತಿ ಯೆಲ್ಲೆಯಲ್ಲೂ ದೇವರು, ಮಾರಿ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಜಾಗಗಳು ಇರುತ್ತವೆ. ಅಬ್ಬಿ ನಮಗೆ ನೀರಿನ ಮೂಲ ಮಾತ್ರ ಅಲ್ಲ, ಪೂಜೆಯ ಜಾಗ. ಅದರ ಬಾಯಿಗೆ ಸಿಮೆಂಟು ಹಾಕಬಾರದು ಎಂದು ಅಜ್ಜ ಹಟ ಹಿಡಿದಿದ್ದಾನೆ. ನನಗೆ ಅವನನ್ನು ಮೀರಿ ಮಾತಾಡಲು ಮನಸ್ಸಿಲ್ಲ. ಅವ್ವ ಮಾತ್ರ, "ಅಬ್ಬಿ ತಾಯಿ ನಮ್ಮ ನಡು ಮುರೀಲಿ ಅಂತ ಕೇಳ್ತಾಳಾ?" ಅಂದಳು. ಇಬ್ಬರೂ ಸರಿ ಅನ್ನಿಸುತ್ತದೆ.

ನಿವೃತ್ತ ಎಇಇ, ಮೈಸೂರು
ಬಾಯಿ ಮುಟ್ಟಬೇಕಾಗಿಯೇ ಇಲ್ಲ. 60-70 ಮೀಟರ್ ಕೆಳಗೆ, ಬಂಡೆ ಕಾಣುವ ಕಡೆ ತೊಟ್ಟಿ ಮಾಡಬಹುದು. ಅಷ್ಟು ದೂರ ತೆರೆದು ಹರಿದ ನೀರಿಗೆ ಮರಳಿನ ಸೋಸು ಹಾಕಬೇಕು, ಟ್ಯಾಂಕಿನಲ್ಲಿ ಕ್ಲೋರಿನ್ ತಪ್ಪದೆ ಹಾಕಬೇಕು. ಸ್ವಲ್ಪ ಖರ್ಚು ಜಾಸ್ತಿ, ಎತ್ತರ ಸ್ವಲ್ಪ ಕಡಿಮೆ. ನೀರು ಇಳಿಯುವುದಕ್ಕೆ ತೊಂದರೆಯಿಲ್ಲ. ಜಾಗವನ್ನು ಅಜ್ಜನೇ ತೋರಿಸಲಿ, ಇಂಜಿನಿಯರ್ ಮಟ್ಟ ನೋಡಲಿ. ಒಮ್ಮೆ ಇಬ್ಬರೂ ಜೊತೆಗೆ ನಡೆದು ಬಂದರೆ ಸಾಕು.

ಜನರ ಪಾಲಿನ ಹಣಕ್ಕೆ ಹೆದರಬೇಡಿ. ಊರೊಳಗಿನ ಕೆಲಸದ ವೆಚ್ಚದಲ್ಲಿ ಬೇರೆ ಕಡೆ ಜನ ಶೇ 10 ಹಾಕಬೇಕು, ಕಾಡಿನ ಊರುಗಳಿಗೆ ಶೇ 5. ಅದನ್ನು ಶ್ರಮದಲ್ಲೂ ಕೊಡಬಹುದು. ಬಾವಿ ಹೂಳೆತ್ತುವುದನ್ನು, ಲಾಂಟಾನ ಕಡಿಯುವುದನ್ನು ಆ ಲೆಕ್ಕಕ್ಕೆ ಸೇರಿಸಿ ಎಂದು ಕೇಳಿ.

ಯಳಂದೂರಿನ ವಕೀಲೆ
ನಿರ್ಣಯ ಬರೆಯುವಾಗ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಮು ಹೆಸರಿಸಿ. ವನ್ಯಜೀವಿ ಕಾಪಾಡುವುದು, ಸುತ್ತಲಿನ ಜಲಾನಯನ ಮತ್ತು ನೀರಿನ ಮೂಲಗಳನ್ನು ಕಾಪಾಡುವುದು ಗ್ರಾಮಸಭೆಯ ಅಧಿಕಾರ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. 'ಹಳ್ಳಕ್ಕೆ ಅರ್ಧ ಬಿಡಿ' ಎಂಬುದನ್ನು ಬೇಡಿಕೆಯಾಗಿ ಬರೆಯಬೇಡಿ, 5ನೇ ಕಲಮಿನ ಪ್ರಕಾರ ಗ್ರಾಮಸಭೆಯ ತೀರ್ಮಾನ ಎಂದೇ ಬರೆಯಿರಿ. ನಿಮ್ಮ ಅಳತೆಯ ದಿನಾಂಕ, ಹೊತ್ತು, ಸೆಕೆಂಡು, ಅಳೆದವರ ಸಹಿ ಎಲ್ಲ ಲಗತ್ತಿಸಿ. ಕಾಲುದಾರಿಯಲ್ಲಿ ಪೈಪು ಹಾಕಿದರೆ ಉದ್ದ ಎಷ್ಟಾಗುತ್ತದೆ?

ಪೋಡಿನ ಮಗಳು
ಚಿಕ್ಕಪ್ಪ ಹಗ್ಗ ಹಿಡಿದು ಅಳೆದ. 2.7 ಕಿ.ಮೀ. ಒಂದು ಮರವೂ ಬೀಳುವುದಿಲ್ಲ.

ಯಳಂದೂರಿನ ವಕೀಲೆ
ಅಗಲ 60 ಸೆಂ.ಮೀ. ಹಿಡಿದರೆ 0.162 ಹೆಕ್ಟೇರ್. ಒಂದು ಹೆಕ್ಟೇರಿಗಿಂತ ಎಷ್ಟೋ ಕಡಿಮೆ. ತಿದ್ದಿದ ನಮೂನೆ 'ಎ' ಕೊಡಿ ಎಂದು ಇಲಾಖೆಗೆ ಈಗಲೇ ಬರೆಯಿರಿ, ಸಭೆಯ ದಿನ ಹೊಸ ಕಾಗದವೇ ಮುಂದಿರಲಿ.

ಹನೂರು ಕಡೆಯವ
ಬಾವಿ ಹೂಳೆತ್ತೋ ದಿನ ಹೇಳು ತಂಗಿ. ನಾವು ನಾಲ್ಕು ಜನ ಬರ್ತೀವಿ. ರಾಟೆ, ಹಗ್ಗ ನಮ್ಮತ್ರ ಇದೆ.

ಪೋಡಿನ ಮಗಳು
ಗ್ರಾಮಸಭೆ ಭಾನುವಾರ ಮುಗಿಯಿತು. 131 ಸದಸ್ಯರಲ್ಲಿ 94 ಜನ ಬಂದಿದ್ದರು, 51 ಹೆಂಗಸರು. ಇಂಜಿನಿಯರ್ ಬಂದಿದ್ದರು. ಮೊದಲು ಸ್ವಲ್ಪ ಬೇಸರದಿಂದಲೇ ಕೂತಿದ್ದರು, ನಾನು ಸೆಕೆಂಡುಗಳ ಪಟ್ಟಿ ಓದಿದಾಗ ಎದ್ದು ಬಂದು ಪುಸ್ತಕ ಕೈಗೆ ತೆಗೆದುಕೊಂಡು ನೋಡಿದರು. ಅಕ್ಟೋಬರ್‌ನ ಅಳತೆ ತಮ್ಮದಲ್ಲ, ತಾವು ಈ ಜಾಗಕ್ಕೆ ಬಂದದ್ದು ಜನವರಿಯಲ್ಲಿ ಎಂದರು. ಜೋಡಿ ಕಿಂಡಿಗೆ ಒಪ್ಪಿದ್ದಾರೆ. ಕಾಲುದಾರಿಗೂ ಒಪ್ಪಿದ್ದಾರೆ. ಬಾವಿಗೆ ಸೋಲಾರ್ ಪಂಪು ಈ ಅಂದಾಜಿನಲ್ಲಿ ಬರುವುದಿಲ್ಲ, ಬೇರೆ ಪ್ರಸ್ತಾವ ಕಳಿಸಬೇಕು ಎಂದರು. ಅಲ್ಲಿಯವರೆಗೆ ರಾಟೆಯಲ್ಲೇ ಸೇದುತ್ತೇವೆ, ಪೋಡಿನಿಂದ ಬಾವಿಗೆ 200 ಹೆಜ್ಜೆ ಅಷ್ಟೇ. ನೀರಗಂಟಿ ಕೆಲಸಕ್ಕೆ ಪಕ್ಕದ ಮನೆಯ ಹುಡುಗಿಯ ಹೆಸರು ಬರೆಸಿದ್ದೇವೆ, ಸಂಬಳದ ಮಾತು ಪಂಚಾಯಿತಿಯಲ್ಲಿ ಇನ್ನೂ ಆಗಬೇಕು.

ಅಬ್ಬಿಯಿಂದ ಕೆಳಗೆ ತೊಟ್ಟಿಯ ಜಾಗವನ್ನು ಅಜ್ಜ ತೋರಿಸಿದ. ಇಂಜಿನಿಯರ್ ಚಪ್ಪಲಿ ಬಿಟ್ಟು ಬಂದರು. ಯಾರೂ ಹೇಳಿರಲಿಲ್ಲ.

ನಿರ್ಣಯ, ಹಾಜರಿ, ಅಳತೆಯ ಪಟ್ಟಿ ಮೂರನ್ನೂ ವಲಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಸ್ಥಳ ನೋಡಲು ಗುರುವಾರ ಬರುತ್ತಾರಂತೆ. ಅವರ ಎದುರಿಗೇ ಇನ್ನೊಮ್ಮೆ ಅಳೆಯಬೇಕು ಎಂದು ಅಜ್ಜ ಬಕೆಟ್ಟು ತೊಳೆದು ಜಗಲಿ ಮೇಲೆ ಕವುಚಿಟ್ಟಿದ್ದಾನೆ.